ಹಿತ್ತಿಲ ವಿಜ್ಞಾನಿ

ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ನಾಲ್ಕು ಅಡಿ ಮಣ್ಣನ್ನು ಹಿತ್ತಿಲೆಂದು ಕರೆಯುವ ಧೈರ್ಯವಂತರ ಪೈಕಿ ಕೆಲವರು ಈಚಿನ ವರ್ಷಗಳಲ್ಲಿ ಹಿತ್ತಿಲ ವಿಜ್ಞಾನಿಗಳಾಗಿ ಬಡ್ತಿ ಪಡೆದಿದ್ದಾರೆ. ಈ ವರ್ಗದ ಗೃಹಸ್ಥನು ಸಾಮಾನ್ಯವಾಗಿ ಸಾಫ್ಟ್‌ವೇರ್ ಉದ್ಯೋಗಿ. ಮಕ್ಕಳನ್ನು ಶಾಲೆಗೆ ಸೇರಿಸದೆ ತಂದೆತಾಯಿಯೇ ಕಲಿಸುವ ಹೋಂಸ್ಕೂಲಿಂಗ್ ಪದ್ಧತಿಗೆ ಮನಸೋತವನು. ಮದುವೆಮನೆಯಲ್ಲಿ ಯಾರಾದರೂ ‘ಮಕ್ಕಳು ಯಾವ ಸ್ಕೂಲು?’ ಎಂದು ಕೇಳಿದರೆ, 1977ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಪತ್ರಿಕೆ ಆರಂಭಿಸಿದ ಜಾನ್ ಹೋಲ್ಟ್ ಅವರ ವಿಚಾರವನ್ನು ಎಲೆಗೆ ಹೋಳಿಗೆ ಬರುವವರೆಗೂ ಬಿಡದೆ ವಿವರಿಸುವವನು. ಮಕ್ಕಳು ತಾವಾಗಿ ನೋಡಿ ಕಲಿಯಬೇಕೆಂಬುದು ಈತನ ಸಿದ್ಧಾಂತ. ಆದರೆ ಏನನ್ನು, ಎಷ್ಟು ಗಂಟೆಗೆ ನೋಡಿ, ಯಾವ ಕಾಲಂನಲ್ಲಿ ಬರೆಯಬೇಕೆಂಬುದನ್ನು ಮಾತ್ರ ಎಕ್ಸೆಲ್ ಹಾಳೆಯಲ್ಲಿ ಮೊದಲೇ ನಿಗದಿ ಮಾಡಿರುತ್ತಾನೆ.

ಋತುಗಳ ಪಾಠ ಈತನಲ್ಲಿ ಮಳೆಮಾಪಕದಿಂದ ಆರಂಭವಾಗುತ್ತದೆ. ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕೊಯ್ದು, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಾಗಿ ಕೂರಿಸಿ, ಹೊರಗೆ ಅಳತೆಪಟ್ಟಿ ಅಂಟಿಸಿದರೆ ಮಾಪಕ ಸಿದ್ಧ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಬಿದ್ದಂತೆ ಎಂಬ ವಿವರಣೆಯನ್ನೂ ಈತ ಸರಿಯಾಗಿಯೇ ಕೊಡುತ್ತಾನೆ. ಆದರೆ ಮಾಪಕವನ್ನು ಪಕ್ಕದ ಮನೆಯ ಏಸಿ ತೊಟ್ಟಿಕ್ಕುವ ಕಡೆ ಇಟ್ಟಿರುವುದರಿಂದ ಏಪ್ರಿಲಿನ ಬಿಸಿಲಿನಲ್ಲೂ ಮಳೆ ತಪ್ಪದೆ ದಾಖಲಾಗುತ್ತದೆ. ಇಂಥ ಮನೆಯಲ್ಲಿ ಬಹುಮಟ್ಟಿಗೆ ಒಬ್ಬ ಅಜ್ಜಿಯೂ ಇರುತ್ತಾರೆ; ಅವರು ಮಳೆಯನ್ನು ಅಳೆಯುವುದು ನಕ್ಷತ್ರದ ಲೆಕ್ಕದಲ್ಲಿ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂಬ ಲೆಕ್ಕದ ಮೇಲೆ ರೈತರು ಮಳೆಗಳಿಗೆ ಹೆಸರಿಟ್ಟಿದ್ದಾರೆ. ಮೇ ಕೊನೆಗೆ ರೋಹಿಣಿ, ಜೂನಿಗೆ ಮೃಗಶಿರ, ಅದರ ಬೆನ್ನಿಗೆ ಆರಿದ್ರ. ‘ಅದು ಮಳೆಯಲ್ಲ ಕಣೋ, ಮಿಷನ್ ನೀರು, ರೋಹಿಣಿ ಇನ್ನೂ ಹುಟ್ಟಿಲ್ಲ’ ಎಂದು ಅಜ್ಜಿ ಅಡುಗೆಮನೆಯ ಕಿಟಕಿಯಿಂದಲೇ ತೀರ್ಪು ಕೊಟ್ಟರೆ, ಸಂಪ್ರದಾಯಕ್ಕೂ ದತ್ತಾಂಶಕ್ಕೂ ಇರುವ ವ್ಯತ್ಯಾಸದ ಬಗ್ಗೆ ಮಕ್ಕಳಿಗೆ ಹೆಚ್ಚುವರಿ ಪಾಠವೊಂದು ನಡೆಯುತ್ತದೆ.

ನಿಜವಾದ ಬಿಕ್ಕಟ್ಟು ಇರುವುದು ಕರಿಬೇವಿನ ಗಿಡದಲ್ಲಿ. ನಿಂಬೆ ಚಿಟ್ಟೆಯು ನಿಂಬೆ, ಕರಿಬೇವು ಮುಂತಾದ ಒಂದೇ ಕುಟುಂಬದ ಗಿಡಗಳ ಎಳೆ ಎಲೆಗಳ ಮೇಲೆ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಅದರಿಂದ ಹೊರಬಂದ ಹುಳು ಮೊದಮೊದಲು ಹಕ್ಕಿಯ ಹಿಕ್ಕೆಯ ಬಣ್ಣದಲ್ಲಿದ್ದು ಶತ್ರುಗಳ ಕಣ್ಣು ತಪ್ಪಿಸುತ್ತದೆ, ಬಲಿತ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ, ಯಾರಾದರೂ ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಚಾಚಿ ಗಾಟು ವಾಸನೆ ಬಿಡುತ್ತದೆ. ಈ ಅಂಗಕ್ಕೆ ಆಸ್ಮಿಟೀರಿಯಂ ಎಂದು ಹೆಸರು. ಇದನ್ನು ತೋರಿಸಲು ಈತ ಭೂತಗನ್ನಡಿ ಹಿಡಿದು, ಮೂಗು ಎಲೆಗೆ ತಾಗುವಷ್ಟು ಬಾಗಿ, ಕಡ್ಡಿಯಿಂದ ಹುಳುವನ್ನು ಮೆಲ್ಲಗೆ ಮುಟ್ಟಿದಾಗ ನಡೆದದ್ದನ್ನು ಎಂಟು ವರ್ಷದ ಮಗಳು ವೀಕ್ಷಣೆಯ ಪುಸ್ತಕದಲ್ಲಿ ಕಾಲಂ ತಪ್ಪದೆ ಬರೆದಿರುತ್ತಾಳೆ: ‘ಹುಳು ಕೊಂಬು ತೋರಿಸಿತು. ಅಪ್ಪ ಹಿಂದಕ್ಕೆ ಹಾರಿ ಕುಂಡದ ಮೇಲೆ ಕೂತರು. ಹುಳು ಮತ್ತೆ ತಿನ್ನಲು ಶುರು ಮಾಡಿತು.’ ನೋಡಿದ್ದನ್ನು ನೋಡಿದಷ್ಟೇ ಬರೆಯುವ ವಿದ್ಯೆ ಆ ಮನೆಯಲ್ಲಿ ಆಕೆಗೆ ಮಾತ್ರ ಸಿದ್ಧಿಸಿದೆ ಎನ್ನಬೇಕು.

ಹುಳುಗಳು ಹೆಚ್ಚಿದಂತೆ ಗಿಡ ಬೋಳಾಗುತ್ತದೆ. ‘ಅಧ್ಯಯನ ನಡೆಯುತ್ತಿದೆ, ಎಲೆ ಕೀಳಬಾರದು’ ಎಂಬ ಚೀಟಿಯನ್ನು ಈತ ಕೊಂಬೆಗೆ ಕಟ್ಟಿದರೂ, ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಓಡಿಬಂದ ಅಜ್ಜಿಗೆ ಕನ್ನಡಕವಿಲ್ಲದೆ ಅದು ಕಾಣುವುದಿಲ್ಲ, ಕಂಡರೂ ಓದುವ ಇಷ್ಟವಿರುವುದಿಲ್ಲ. ಕೊನೆಗೆ ರಾಜಿಯಾಗಿ, ಒಂದು ಕಾಲಕ್ಕೆ ತರಕಾರಿಯ ಜೊತೆ ಕೊಸರಾಗಿ ಬರುತ್ತಿದ್ದ ಕರಿಬೇವನ್ನು ದುಡ್ಡು ಕೊಟ್ಟು ತರುವ ಹೊಣೆ ವಿಜ್ಞಾನಿಯ ಮೇಲೆ ಬೀಳುತ್ತದೆ. ಪೇಟೆಯ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ, ಅದು ಹುಳುಗಳಿಗೆ ಆಗದು ಎಂದು ಈತ ಹಿತ್ತಿಲ ಎಲೆಯನ್ನು ಅವಕ್ಕೇ ಮೀಸಲಿಟ್ಟು, ಕೊಂಡು ತಂದದ್ದನ್ನು ಮನೆಯವರ ಸಾರಿಗೆ ಹಾಕಿಸುತ್ತಾನೆ.