ಕರಡು ಓದುಗರನ್ನು ಗಂಟು ಹಾಕುವ ಕೈಪಿಡಿ (ಜನವಾಡ ಮಾದರಿ)

ಪೆಟ್ಟಿಗೆಯಲ್ಲಿ ಏನಿದೆ

ಈ ಉಪಕರಣ ಕೊಂಡಿದ್ದಕ್ಕೆ ಧನ್ಯವಾದಗಳು. ಪೆಟ್ಟಿಗೆ ಬಿಚ್ಚಿದರೆ ಎರಡು ಭಾಗ ಸಿಗುತ್ತವೆ. ಮೊದಲನೆಯದು ಕಥೆಗಾರ: ಬೇರೆಯವರು ಹುಟ್ಟಿಸಿ ಬೆಳೆಸಿದ ಪಾತ್ರಗಳನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ, ತನ್ನ ಕಥೆಯಲ್ಲಿ ದುಡಿಸಿಕೊಳ್ಳುವ ಅಭಿಮಾನಿ. ಇಂಥ ಬರವಣಿಗೆಗೆ ಈಗಿನ ಹುಡುಗರು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಎರಡನೆಯದು ಬೀಟಾ ರೀಡರ್: ಕಥೆ ನಾಲ್ಕು ಜನರ ಕೈಗೆ ಹೋಗುವ ಮುಂಚೆ ಕರಡು ಓದಿ, ಎಲ್ಲಿ ಎಡವಿದೆ ಎಂದು ಮುಖಕ್ಕೆ ಹೇಳುವವರು. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಈ ಎರಡು ಭಾಗಗಳಿಗೆ ಕೊರತೆಯಿಲ್ಲ. ತೊಂದರೆ ಇರುವುದು ಜೋಡಣೆಯಲ್ಲಿ. ಭೇಟಿಗೆ ಜನವಾಡ ಅನುಕೂಲ. ಬೀದರಿನವರಿಗೂ ಔರಾದಿನವರಿಗೂ ಒಂದೇ ರಸ್ತೆ. ಭಾಲ್ಕಿಯವರು ಸ್ವಲ್ಪ ಸುತ್ತಬೇಕಾಗುತ್ತದೆ, ಸುತ್ತಲಿ.

ಬಳಸುವ ಮುನ್ನ

ಮಾದರಿ ಹೊಸದು, ಯಂತ್ರ ಹಳೆಯದು. 941ರಲ್ಲಿ ಪಂಪ ವ್ಯಾಸರ ಪಾತ್ರಗಳನ್ನು ವೇಮುಲವಾಡದ ಆಸ್ಥಾನಕ್ಕೆ ಕರೆತಂದು, ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನೊಳಗೆ ಕೂರಿಸಿದ. ದೊರೆಗೆ ಮುಜುಗರ ಆಗಬಾರದೆಂದು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಇರಲಿ, ಅಭಿಮಾನದ ಕಥೆಯಲ್ಲಿ ಅಷ್ಟು ಸಲುಗೆ ಇದ್ದದ್ದೇ. ಆದರೆ ಮುಂದೆ ಆಕೆಯ ಮುಡಿ ಕಟ್ಟುವ ಕೆಲಸ ಭೀಮನ ಪಾಲಿಗೇ ಉಳಿಯಿತು. ಕೊನೆಗೆ ಪಟ್ಟ ಕಟ್ಟುವ ಹೊತ್ತಿಗೆ ಅರ್ಜುನನ ಪಕ್ಕದಲ್ಲಿ ಕೂತವಳು ಸುಭದ್ರೆ. ‘ಹೆಣ್ತಿ ಒಬ್ಬನಾಕಿ, ಮುಡಿ ಕಟ್ಟಾಂವ ಇನ್ನೊಬ್ಬ, ಪಟ್ಟಾ ಮತ್ತೊಬ್ಬಾಕಿಗಿ. ಇದೇನ್ರಿ ಕವಿಗಳೇ?’ ಎಂದು ಕೇಳುವ ಜನ ಪಕ್ಕದಲ್ಲಿ ಇದ್ದಂತೆ ಕಾಣುವುದಿಲ್ಲ. ಇದ್ದರೂ ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿತ್ತು? ಇಡೀ ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದೆ ಎಂದು ಕವಿಯೇ ಹೇಳಿಕೊಂಡಿದ್ದಾನೆ. ಅಷ್ಟಾದರೂ ಅದು ಪಂಪಭಾರತವಾಯಿತು. ನಿಮ್ಮದು ಆಗುವ ಲಕ್ಷಣ ಕಡಿಮೆ, ಆದ್ದರಿಂದ ಓದುಗರನ್ನು ಹುಡುಕಿಕೊಳ್ಳಿ.

ತಪ್ಪು ಹುಡುಕುವುದು ಪರದೇಶದಿಂದ ಬಂದ ಚಟ ಎಂದು ಯಾರಾದರೂ ಗೊಣಗಿದರೆ ಅವರನ್ನು ಮಳಖೇಡಕ್ಕೆ ಕರೆದೊಯ್ಯಿರಿ, ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ಇದೆ. ಅಲ್ಲಿಯ ರಾಷ್ಟ್ರಕೂಟರ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ. ಅದರ ಮೊದಲ ಪರಿಚ್ಛೇದವೇ ಕಾವ್ಯದ ದೋಷ ಯಾವುದು, ಯಾವುದು ದೋಷವಲ್ಲ ಎಂಬ ವಿಚಾರಣೆ. ಕನ್ನಡದಲ್ಲಿ ಕಥೆ ಹೇಳುವವನಿಗಿಂತ ಮುಂಚೆ ನಮ್ಮ ಕೈಗೆ ಸಿಗುವವನು ತಿದ್ದುವವನು.

ಜೋಡಣೆ

ಜೋಡಿಸಲು ಕೂತವರು ಸಾಮಾನ್ಯವಾಗಿ ಜಾತಕ ಕೂಡಿಸಿದ ಹಾಗೆ ಕೂಡಿಸುತ್ತಾರೆ. ಇಬ್ಬರಿಗೂ ಅದೇ ಸಿನಿಮಾ ಇಷ್ಟವೇ? ಅದೇ ನಾಯಕ? ಅದೇ ಹಾಡು? ಮೂವತ್ತಾರು ಗುಣವೂ ಕೂಡಿದವು, ಇನ್ನು ಅಕ್ಷತೆ ಹಾಕುವುದೊಂದು ಬಾಕಿ. ಹೀಗೆ ಕೂಡಿಸಿದ ಜೋಡಿಗಳಿಂದ ಒಳ್ಳೆಯ ಕಥೆ ಬರುವುದು ಅಪರೂಪ. ಕರ್ಣನ ಮೇಲೆ ಬರೆದಾಕೆಗೆ ಕರ್ಣನ ಅಭಿಮಾನಿಯನ್ನೇ ಕೊಟ್ಟು ನೋಡಿ. ಇಬ್ಬರೂ ಕೂಡಿ ಅಳುತ್ತಾರೆ, ಕರಡು ತೊಯ್ಯುತ್ತದೆ, ಒಂದು ವಾಕ್ಯವೂ ಸರಿಹೋಗುವುದಿಲ್ಲ. ಹಾಗಂತ ಮಹಾಭಾರತವೇ ಗೊತ್ತಿಲ್ಲದವನನ್ನು ಹಿಡಿದು ತಂದರೆ ‘ಘಟೋತ್ಕಚ ಅಂದ್ರ ಯಾರ್ರಿ?’ ಎಂಬಲ್ಲೇ ಮೊದಲ ವಾರ ಮುಗಿಯುತ್ತದೆ.

ಬೇಕಾದವರು ಅದೇ ಕಥೆಯನ್ನು ನಿಮ್ಮಷ್ಟೇ ಹಚ್ಚಿಕೊಂಡ, ಆದರೆ ಎದುರು ಪಕ್ಷದಲ್ಲಿ ನಿಂತ ಜನ. ಕರ್ಣನ ಕಥೆಗೆ ಭೀಮನ ಕಡೆಯವರನ್ನು ಕೊಡಿ. ಹಲ್ಲು ಕಡಿಯುತ್ತ ಓದುತ್ತಾರೆ, ಆದರೆ ಪೂರ್ತಿ ಓದುತ್ತಾರೆ. ರನ್ನನ ‘ಗದಾಯುದ್ಧ’ ನೋಡಿ. ಮುಂದೆ ನಮ್ಮ ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ಚಾಲುಕ್ಯ ಮನೆತನದ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿ ಹೊಗಳಲು ಬರೆದ ಕಾವ್ಯ ಅದು. ಸಾವಿರ ವರ್ಷದಿಂದ ಓದುಗರು ಮರುಗುತ್ತಿರುವುದು ಮಾತ್ರ ದುರ್ಯೋಧನನಿಗೆ. ದುರ್ಯೋಧನನ ಕಡೆಯ ಓದುಗನೊಬ್ಬ ರನ್ನನ ತಲೆಯೊಳಗೇ ಕೂತಿದ್ದನೆಂದು ನನಗೆ ಗುಮಾನಿ.

ಚಾಲನೆ: ಮೊದಲ ಪ್ರಯೋಗ

ಔರಾದಿನ ಹುಡುಗನೊಬ್ಬ ಕೆಜಿಎಫ್ ಸಿನಿಮಾದ ಕಥೆ ಮುಂದುವರಿಸಿದ್ದಾನೆ ಎಂದಿಟ್ಟುಕೊಳ್ಳಿ. 2022ರ ಏಪ್ರಿಲ್‌ನಲ್ಲಿ ಬಂದ ಎರಡನೇ ಭಾಗದ ಕೊನೆಗೆ ನಾಯಕ ರಾಕಿ ಬಂಗಾರದ ಸಮೇತ ಸಮುದ್ರದಲ್ಲಿ ಮುಳುಗಿದ. ಅಭಿಮಾನಿಗಳಿಗೆ ಅದು ಒಪ್ಪಿಗೆಯಿಲ್ಲ. ನಮ್ಮ ಹುಡುಗನ ಕಥೆಯಲ್ಲಿ ರಾಕಿ ಸಾಯುವುದಿಲ್ಲ. ನೀರಿನಲ್ಲಿ ತೇಲುತ್ತ ತೇಲುತ್ತ ಬಂದು ಕೌಠಾ ಸೇತುವೆ ಹತ್ತಿರ ಮಾಂಜ್ರಾ ದಂಡೆಗೆ ಹತ್ತುತ್ತಾನೆ. ಸೀಟಿ ಹೊಡೆಯುವಂಥ ಸನ್ನಿವೇಶ.

ಇವನಿಗೆ ಜೋಡಿಯಾಗಿ ಮಾಂಜ್ರಾ ದಂಡೆಯಲ್ಲಿ ಹೊಲ ಇರುವ, ಅದೇ ಸಿನಿಮಾವನ್ನು ಖಳನಾಯಕ ಅಧೀರನಿಗೋಸ್ಕರ ನೋಡಿದ ಹಿರಿಯರೊಬ್ಬರನ್ನು ಕೊಡಿ. ಅವರು ಕರಡು ಓದಿ ಕನ್ನಡಕ ತೆಗೆದು ಹೇಳುತ್ತಾರೆ: ‘ತಮ್ಮಾ, ಮಾಂಜ್ರಾ ನೀರು ಗೋದಾವರಿಗಿ ಹೋಗ್ತದ, ಗೋದಾವರಿ ಸಮುದ್ರಕ್ಕ ಹೋಗ್ತದ. ನಿನ್ನ ರಾಕಿ ಉಲ್ಟಾ ಬರ್ಲಾಕತ್ಯಾನ. ನಡಕ ನಿಜಾಮ್‌ಸಾಗರ್ ಡ್ಯಾಮ್ ಅದ, ಸಿಂಗೂರ್ ಡ್ಯಾಮ್ ಅದ. ಗೇಟ್ ಯಾರು ತೆಗದ್ರು?’

ಹುಡುಗ ಮೊದಲು ‘ಕಾಕಾ, ಇದು ಕಥಿ’ ಎಂದು ಜಗಳ ತೆಗೆಯುತ್ತಾನೆ. ತೆಗೆಯಲಿ, ತಡೆಯಬೇಡಿ, ಯಂತ್ರ ಬಿಸಿಯಾಗುವುದು ಸಹಜ. ಎರಡು ದಿನ ಬಿಟ್ಟು ಅವನೇ ರಾಕಿಯನ್ನು ಹೈದರಾಬಾದಿನಿಂದ ಬೀದರ್ ಬಸ್ಸಿಗೆ ಹತ್ತಿಸುತ್ತಾನೆ. ಸೊಂಟದಲ್ಲಿ ಬಂಗಾರದ ಗಟ್ಟಿ, ಕಿಸೆಯಲ್ಲಿ ಚಿಲ್ಲರೆ ಇಲ್ಲ, ಕಂಡಕ್ಟರ್ ಬೈಯುತ್ತಿದ್ದಾನೆ. ಹಿಂದಿನ ಹತ್ತು ಪುಟದ ಹೊಡೆದಾಟಕ್ಕಿಂತ ಈ ಅರ್ಧ ಪುಟ ಚೆನ್ನಾಗಿರುತ್ತದೆ. ಅಧೀರನ ಪಕ್ಷದವರೂ ನಗುತ್ತಾರೆ, ಆದರೆ ತೋರಿಸಿಕೊಳ್ಳುವುದಿಲ್ಲ.

ಚಾಲನೆ: ಎರಡನೇ ಪ್ರಯೋಗ

ಇದು ಸ್ವಲ್ಪ ಭಾರದ ಕೆಲಸ, ನಿಧಾನಕ್ಕೆ ಮಾಡಿ. ಭಾಲ್ಕಿಯಲ್ಲಿ ಬಿ.ಎ. ಓದುವ ಹುಡುಗಿ ಮಹಮೂದ್ ಗವಾನನ ಅಭಿಮಾನಿ. ಬೀದರಿನ ಮದರಸಾ ನೋಡಿ ಬಂದಾಗಿನಿಂದ ಹಿಡಿದ ಹುಚ್ಚು. ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ವಜೀರನಾಗಿ, 1472ರಲ್ಲಿ ಅಂಥ ವಿದ್ಯಾಲಯ ಕಟ್ಟಿಸಿದವನನ್ನು 1481ರಲ್ಲಿ ಅವನ ಸುಲ್ತಾನನೇ ಕೊಲ್ಲಿಸಿದ. ಆಗದವರು ಗವಾನನ ಮೊಹರು ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರವನ್ನು ಅದರಲ್ಲಿ ಬರೆಸಿದರು ಎಂಬುದು ಚರಿತ್ರೆಕಾರರು ಹೇಳುವ ಕಥೆ. ಮೊಹರು ನನ್ನದೇ, ಪತ್ರ ನನ್ನದಲ್ಲ ಎಂದ ಗವಾನ. ಕುಡಿದ ಅಮಲಿನಲ್ಲಿದ್ದ ಮೂರನೇ ಮುಹಮ್ಮದ್ ಷಾ ಮುಂದೆ ವಿಚಾರಿಸಲಿಲ್ಲ. ಆಮೇಲೆ ಪಶ್ಚಾತ್ತಾಪ ಪಟ್ಟ, ಮರುವರ್ಷವೇ ತೀರಿಕೊಂಡ. ಇಷ್ಟು ಚರಿತ್ರೆ.

ಹುಡುಗಿಯ ಕಥೆಯಲ್ಲಿ ಆ ಪತ್ರವನ್ನು ಸುಲ್ತಾನನ ದರ್ಬಾರಿನ ಒಬ್ಬ ಲಿಪಿಕಾರ ಎರಡನೇ ಸಲ ಓದುತ್ತಾನೆ. ‘ಹುಜೂರ್, ಈ ಶೈಲಿ ವಜೀರರದಲ್ಲ’ ಎನ್ನುತ್ತಾನೆ. ಗವಾನ ಉಳಿಯುತ್ತಾನೆ. ಬಹಮನಿ ರಾಜ್ಯ ಒಡೆಯುವುದೇ ಇಲ್ಲ. ಸಂಚುಗಾರರೆಲ್ಲ ಮೀಸೆ ತಿರುವುತ್ತ ನಗುವ, ಧಾರಾವಾಹಿಯಿಂದ ಎರವಲು ತಂದ ದುಷ್ಟರು.

ಇಲ್ಲಿ ಗವಾನನ ಇನ್ನೊಬ್ಬ ಅಭಿಮಾನಿಯನ್ನು ಜೋಡಿಸಿದರೆ ಕೆಲಸ ಕೆಟ್ಟಿತು. ಬೀದರಿನ ನಿವೃತ್ತ ಇತಿಹಾಸದ ಮಾಸ್ತರರನ್ನು ಹುಡುಕಿ. ಊರಿನ ಚರಿತ್ರೆ ಎಂದರೆ ಪ್ರಾಣ, ಆದರೆ ಮನಸ್ಸು ಗವಾನನಿಗೆ ಆಗದ ದಖ್ಖನಿಗಳ ಕಡೆ. ಅವರು ಅಂಚಿನಲ್ಲಿ ಬರೆಯುವ ಪ್ರಶ್ನೆ ಒಂದೇ: ‘ಈ ಸಂಚುಗಾರರಿಗೆ ಸಿಟ್ಟು ಯಾಕೆ ಬಂತು, ಹೇಳಮ್ಮ.’ ಹುಡುಗಿ ಹುಡುಕಾಡುತ್ತಾಳೆ. ನಾಲ್ಕು ತರಫಗಳನ್ನು, ಅಂದರೆ ಪ್ರಾಂತಗಳನ್ನು, ಗವಾನ ಎಂಟು ಮಾಡಿದ್ದು, ಸರದಾರರ ಕೈಯಿಂದ ಕೋಟೆಗಳನ್ನು ಬಿಡಿಸಿಕೊಂಡದ್ದು, ಹೊರಗಿನಿಂದ ಬಂದ ಆಫಾಕಿಗಳಿಗೂ ಇಲ್ಲಿಯ ದಖ್ಖನಿಗಳಿಗೂ ಇದ್ದ ಜಟಾಪಟಿ, ಎಲ್ಲ ಸಿಗುತ್ತದೆ. ಮೀಸೆಯ ದುಷ್ಟ ಈಗ ತಾತನ ಕಾಲದ ಕೋಟೆ ಕಳೆದುಕೊಂಡ ಮನುಷ್ಯನಾಗುತ್ತಾನೆ. ಗವಾನ ಉಳಿಯಬೇಕೆಂದು ಓದುವವರಿಗೆ ನಿಜವಾಗಿ ಅನಿಸುವುದು ಆಗ. ಮಾಸ್ತರರು ಕೊನೆಗೂ ಪಕ್ಷ ಬದಲಿಸುವುದಿಲ್ಲ. ಬದಲಿಸಿದರೆ ಕೂಡಲೇ ಬೇರೆಯವರನ್ನು ನೇಮಿಸಿ.

ಭಾಷೆಯ ತಿರುಪು

ಪೆಟ್ಟಿಗೆಯ ಜತೆ ಒಂದು ಸಣ್ಣ ತಿರುಪು ಬರುತ್ತದೆ, ಕಳೆದುಕೊಳ್ಳಬೇಡಿ. 1924ರಲ್ಲಿ ಮೈಸೂರಿನಲ್ಲಿ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದಾಗ, ಆತ ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿ ಕಳಿಸಿದ. ಆತ ಕಾಮಾ, ಪೂರ್ಣವಿರಾಮ ತಿದ್ದುತ್ತ ಕೂತಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ಪರರ ಮಾತಿನಲ್ಲಿ ಬರೆಯುವ ಈ ಕಾಯಿಲೆಗೆ ನಮ್ಮ ಗಡಿಯಲ್ಲಿ ಬೇರೆ ರೂಪ. ಔರಾದಿನ ಕಥೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಮಗನಿಗೆ ‘ಏನೋ ಪುಟ್ಟಾ, ತಿಂಡಿ ಆಯ್ತಾ?’ ಎಂದು ಕೇಳುತ್ತಾಳೆ. ಬೆಂಗಳೂರಿನ ಧಾರಾವಾಹಿ ನೋಡಿ ನೋಡಿ ಆದ ಪರಿಣಾಮ. ಓದುಗರು ಆ ಸಾಲಿಗೆ ಗೆರೆ ಎಳೆದು ‘ನಿಮ್ಮವ್ವ ಹಿಂಗ ಕೇಳ್ತಾಳೇನು?’ ಎಂದಷ್ಟೇ ಬರೆದರೆ ಸಾಕು. ಉತ್ತರ ಬರುತ್ತದೆ: ‘ಉಂಡಿ ಏನೋ?’ ಈ ಕೆಲಸಕ್ಕೆ ಔರಾದಿನ ಕಥೆಗೆ ಔರಾದಿನ ಕಿವಿಯೇ ಬೇಕು. ಅಲ್ಲಿಯ ಮಾತಿನಲ್ಲಿ ಮರಾಠಿ ಎಲ್ಲಿ ಮುಗಿದು ಕನ್ನಡ ಎಲ್ಲಿ ಶುರುವಾಯಿತು ಎಂಬುದು ಬೀದರ್ ಪೇಟೆಯವರಿಗೂ ಪೂರ್ತಿ ಹಿಡಿಯುವುದಿಲ್ಲ.

ಹೊರಗಿನ ಮಾತು ಬೇಡ, ಹೊರಗಿನ ಜನ ಬರಬಹುದು. ಒಂದು ಕಥೆಯೊಳಗೆ ಇನ್ನೊಂದು ಕಥೆಯ ಜನ ನುಗ್ಗಿದರೆ ಓದುಗರು ಗಾಬರಿಯಾಗಬಾರದು. ಬಿ.ಎಂ.ಶ್ರೀ 1929ರಲ್ಲಿ ಗ್ರೀಕರ ಏಜಾಕ್ಸನ ಪಾಡನ್ನು ಅಶ್ವತ್ಥಾಮನಿಗೆ ತಂದು ಕಟ್ಟಿದರು. ಕುವೆಂಪು ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟನನ್ನು ಬಿದನೂರಿಗೆ ಕರೆತಂದರು. ಡೆನ್ಮಾರ್ಕಿನ ರಾಜಕುಮಾರ ಜನವಾಡದಲ್ಲಿ ಬಸ್ಸಿಳಿದರೆ ‘ಯಾಕೆ ಬಂದ’ ಎಂದು ಕೇಳಬೇಡಿ, ‘ಬಂದವ ಎಲ್ಲಿ ಉಳಕೊಂಡಾನ’ ಎಂದು ಕೇಳಿ.

ಎಚ್ಚರಿಕೆ! ಈ ಭಾಗವನ್ನು ಮಕ್ಕಳ ಕೈಗೆ ಕೊಡಬೇಡಿ

ಸೋದರಮಾವನನ್ನು ಕರಡು ಓದುಗನನ್ನಾಗಿ ನೇಮಿಸಬಾರದು. ಹಂಪೆಯಲ್ಲಿ ಒಮ್ಮೆ ಹೀಗಾಯಿತಂತೆ. ರಾಘವಾಂಕ ಹರಿಶ್ಚಂದ್ರನ ಕಥೆ ಬರೆದು, ಗುರುವೂ ಸೋದರಮಾವನೂ ಆದ ಹರಿಹರನ ಮುಂದೆ ಇಟ್ಟ. ಶಿವನನ್ನೂ ಶಿವಶರಣರನ್ನೂ ಬಿಟ್ಟು ಮನುಷ್ಯನನ್ನು ಹೊಗಳಿದೆಯಾ ಎಂದು ಹರಿಹರ ಸಿಟ್ಟಾಗಿ ಅಳಿಯನ ಹಲ್ಲು ಉದುರಿಸಿದ ಎಂದು ದಂತಕಥೆ. ಆಮೇಲೆ ರಾಘವಾಂಕ ಶರಣರ ಕಾವ್ಯಗಳನ್ನು ಬರೆದ ಹಾಗೆಲ್ಲ ಹಲ್ಲುಗಳು ಮರಳಿ ಬಂದವಂತೆ. ದಂತಕಥೆ ಸುಳ್ಳಿರಬಹುದು, ಮಾವಂದಿರ ವಿಷಯದಲ್ಲಿ ಸುಳ್ಳಲ್ಲ.

ಇಲ್ಲಿ ತಪ್ಪಿದ್ದು ಜೋಡಣೆಯಲ್ಲಿ. ಹರಿಹರ ಓದಿದ್ದು ಅಳಿಯ ಬರೆದ ಕಾವ್ಯವನ್ನಲ್ಲ, ಬರೆಯಬೇಕಾಗಿತ್ತು ಎಂದು ತಾನು ಅಂದುಕೊಂಡ ಕಾವ್ಯವನ್ನು. ಎದುರು ಪಕ್ಷದ ಓದುಗ ನಾಯಕನ ಜತೆ ಜಗಳವಾಡುತ್ತಾನೆ, ಇಂಥವನು ವಿಷಯದ ಜತೆಯೇ ಜಗಳವಾಡುತ್ತಾನೆ. ಅದಕ್ಕೇ ಕರಡು ಕೊಡುವ ಮೊದಲೇ ಇಬ್ಬರನ್ನೂ ಕೂರಿಸಿ ಹೇಳಬೇಕು: ಹರಿಶ್ಚಂದ್ರನ ಮೇಲೆ ಬರೆಯುವುದೋ ಬೇಡವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಬರೆದ ಹರಿಶ್ಚಂದ್ರ ನಿಂತನೋ ಬಿದ್ದನೋ ಅಷ್ಟೇ ಹೇಳಿ. ಕೇಳಿ ತಲೆಯಾಡಿಸಿದವರ ಕೈಗೆ ಮಾತ್ರ ಕರಡು ಕೊಡಿ.

ಅಪ್ಪ, ಅಣ್ಣ, ನೋಡಿ ಹೋದ ಬೀಗರು, ಇವರೂ ನಿಷಿದ್ಧ. ಅಜ್ಜಿ ಮಾತ್ರ ಪರವಾಗಿಲ್ಲ, ಓದಿಸಿ ಕೇಳುತ್ತಾಳೆ. ತೂಕಡಿಸಿದಲ್ಲಿ ಗುರುತು ಹಾಕಿಕೊಳ್ಳಿ.

ಸಮಯ, ಸಂಬಳ

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋಡಿಸಬೇಡಿ, ಸೋಯಾ ರಾಶಿ ಇರುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ ಉಂಡವರಿಂದ ಯಾವ ಅಭಿಪ್ರಾಯವನ್ನೂ ಕೇಳಬೇಡಿ, ಎಲ್ಲವೂ ಚಂದ ಎನ್ನುತ್ತಾರೆ. ಸಂಬಳ ಚಹಾ, ಮಿರ್ಚಿ. ಕಥೆ ದೊಡ್ಡದಿದ್ದರೆ ಎರಡು ಪ್ಲೇಟ್.

ಹೊರಗಿನ ಚೀಟಿ

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅದು ಧೈರ್ಯ. ನೀವು ಹೊರಗೆ ‘ಹಾಸ್ಯ’ ಎಂದು ಬರೆದು ಒಳಗೆ ಮೂವರನ್ನು ಕೊಂದಿಟ್ಟರೆ ಅದು ಮೋಸ. ಕಥೆಯಲ್ಲಿ ಸಾವಿದ್ದರೆ, ಮುಗಿಯದೇ ನಿಂತಿದ್ದರೆ, ಮೊದಲೇ ಹೇಳಿ. ಓದುವವರ ಮನೆಯಲ್ಲೂ ಒಂದು ಸಂಕಟ ಇರಬಹುದು.

ಯಂತ್ರ ತಾನೇ ಓಡಲು ಶುರುಮಾಡಿದರೆ

ಕೆಲವೊಮ್ಮೆ ಓದುಗರು ತಿದ್ದಿ ತಿದ್ದಿ, ಕೊನೆಗೆ ‘ಬಿಡು, ನಾನೇ ಬರೀತೀನಿ’ ಎಂದು ಕೂತುಬಿಡುತ್ತಾರೆ. ಗಾಬರಿ ಬೇಡ. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮನ ಸುತ್ತ ನಡೆದ ಮಾತುಕತೆಯನ್ನು, ಶರಣರು ಹೋಗಿ ಶತಮಾನಗಳಾದ ಮೇಲೆ, ವಚನಗಳನ್ನು ಪೋಣಿಸಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ ಮಾಡಿದ. ಹಲಗೆಯಾರ್ಯ ಓದಿದ, ಸಮಾಧಾನವಾಗಲಿಲ್ಲ, ತಾನೇ ಇನ್ನೊಂದು ಮಾಡಿದ. ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತೊಂದು, ಗೂಳೂರು ಸಿದ್ಧವೀರಣ್ಣೊಡೆಯ ಮಗದೊಂದು. ಸಿದ್ಧರಾಮನ ದೀಕ್ಷೆಯ ಪ್ರಸಂಗವೊಂದರಲ್ಲೇ ಈ ನಾಲ್ಕರ ನಡುವೆ ಒಮ್ಮತವಿಲ್ಲ. ನಾಲ್ಕೂ ಉಳಿದಿವೆ, ನಾಲ್ಕನ್ನೂ ಓದುತ್ತಾರೆ.

ಹೀಗಾದಾಗ ಮಾಡಬೇಕಾದದ್ದು ಇಷ್ಟೇ. ಅವರ ಹೆಸರನ್ನು ಓದುಗರ ಪಟ್ಟಿಯಿಂದ ಕಥೆಗಾರರ ಪಟ್ಟಿಗೆ ಏರಿಸಿ. ಅವರಿಗೂ ಎದುರು ಪಕ್ಷದ ಒಬ್ಬರನ್ನು ಹುಡುಕಿ. ಅಧೀರನ ಪಕ್ಷದ ಆ ಹಿರಿಯರೇ ಅಧೀರನ ಕಥೆ ಬರೆದರೆ ಓದಲು ಔರಾದಿನ ಹುಡುಗ ಅರ್ಜಿ ಹಾಕಿಕೊಂಡು ಬರುತ್ತಾನೆ. ಎರಡು ಡ್ಯಾಮಿನ ಬಾಕಿ ಇನ್ನೂ ಅವನ ತಲೆಯಲ್ಲಿದೆ. ಕೊಡಿ, ಅವನಷ್ಟು ಗಮನವಿಟ್ಟು ಓದುವವರು ಈ ಮೂರು ತಾಲ್ಲೂಕಿನಲ್ಲಿ ಸಿಗುವುದಿಲ್ಲ.