ಇಂಜಿನ್ ಬದಲಿಸಿದ ಪುಣ್ಯಾತ್ಮ

ಜಾಲಹಳ್ಳಿಯಲ್ಲಿ ರಿಟೈರಾದವರು ಎರಡು ಥರ. ಪಾರ್ಕಿನ ಬೆಂಚಲ್ಲಿ ಕೂತು ಪೆನ್ಷನ್ ಲೆಕ್ಕ ಹಾಕೋರು ಒಂದು. ಕೈ ಸುಮ್ಮನಿರದೆ ಏನನ್ನಾದರೂ ಬಿಚ್ಚಿ ಜೋಡಿಸೋರು ಇನ್ನೊಂದು. ಎಚ್‌ಎಂಟಿ, ಬಿಇಎಲ್, ಏರ್‌ಫೋರ್ಸು ಮೂರೂ ಇರುವ ಕಡೆ ಎರಡನೇ ಥರದವರಿಗೆ ಬರವೇ? ನಮ್ಮ ಪಕ್ಕದ್ಮನೆ ಗೌಡ್ರು ಎಚ್‌ಎಂಟಿ ಲೇತಿನ ಮುಂದೆ ಆಯುಷ್ಯ ಸವೆಸಿದವರು. ಈಗ ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಿಂದ ಯುದ್ಧಕಾಲದ ವಿಲ್ಲಿಸ್ ಜೀಪು ತಂದು ಕಾಂಪೌಂಡಿನೊಳಗೆ ನಿಲ್ಲಿಸಿಕೊಂಡಿದ್ದಾರೆ.

"ಮೇಷ್ಟ್ರೇ, ಇದಕ್ಕೆ ವಿಂಟೇಜ್ ನಂಬರ್ ಮಾಡಿಸ್ಬಿಡೋಣಾಂತ. ಇನ್ಶೂರೆನ್ಸೂ ಕಮ್ಮಿ ಬೀಳುತ್ತಂತೆ," ಅಂದರು, ಸ್ಪ್ಯಾನರನ್ನು ಗೋಡೆ ಮೇಲಿಟ್ಟು.

"ಏನೇನು ಮಾಡ್ಸಿದ್ದೀರಿ ಗಾಡಿಗೆ?"

"ಏನಿಲ್ಲ. ಆರು ವೋಲ್ಟಿಂದ ಹನ್ನೆರಡಕ್ಕೆ ಮಾಡ್ದೆ. ಸೀಟ್ ಬೆಲ್ಟ್ ಹಾಕ್ದೆ. ಮುಂದಕ್ಕೆ ಡಿಸ್ಕ್ ಬ್ರೇಕಿಗೆ ಜೆ.ಸಿ. ರೋಡಲ್ಲಿ ವಿಚಾರಿಸ್ತಿದ್ದೀನಿ. ಡೀಸೆಲ್ ಇಂಜಿನ್ ಮಾತ್ರ ನನ್ನ ಕೆಲಸ ಅಲ್ಲಪ್ಪ, ಎಸ್ಟೇಟ್‌ನೋರು ಯಾವತ್ತೋ ಇಳ್ಸಿದ್ದು. ಆರ್‌ಸಿಗೂ ಹತ್ಸಿದ್ದಾರೆ."

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನೋದು ಇದಕ್ಕೇ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗೆ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು; ಹೊರದೇಶದಿಂದ ಬಂದದ್ದಾದರೂ ನಡೆಯುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕು. ಇಷ್ಟಕ್ಕೆ ಒಪ್ಪಿದರೆ ನಂಬರಿನ ನಡುವೆ 'ವಿಎ' ಅಕ್ಷರ ಸಿಗುತ್ತದೆ. ಹತ್ತು ವರ್ಷಕ್ಕೆ ಫೀಸು 20,000 ರೂಪಾಯಿ, ಆಮೇಲೆ ನವೀಕರಣಕ್ಕೆ 5,000.

"ಬೆಲ್ಟು, ವೋಲ್ಟು ಇವಕ್ಕೆ ಯಾರೂ ತಕರಾರು ತೆಗೆಯೋ ಹಾಗಿಲ್ಲ. ಬೋಲ್ಟ್ ಬಿಚ್ಚಿದ್ರೆ ಮೊದಲಿನಂತಾಗುತ್ತೆ. ಬಿಚ್ಚಿದ ಸಾಮಾನನ್ನ ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಕಟ್ಟಿಡಿ. ನಂಬರ್ ಹೊಡೆದಿರೋ ಕಬ್ಬಿಣಕ್ಕೆ ಮಾತ್ರ ಕೈ ಹಾಕ್ಬೇಡಿ," ಅಂದೆ.

ಗೌಡ್ರಿಗೆ ಉತ್ಸಾಹ ಬಂತು. ಚಾಸಿಯ ಗ್ರೀಸ್ ಒರೆಸಿ, ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಸೆಲೋಟೇಪ್ ಅಂಟಿಸಿ ಕಿತ್ತರು. ಅಂಕಿಗಳು ಒಂದೂ ಬಿಡದೆ ಟೇಪಿಗೆ ಬಂದವು, ಆರ್‌ಸಿಗೆ ತಾಳೆಯೂ ಆದವು. ಇಂಜಿನ್ನಿನ ನಂಬರು ಮಾತ್ರ ಬೇರೆಯೇ ಕಥೆ ಹೇಳಿತು: ಮಹೀಂದ್ರ ಜೀಪಿಗೆ ಬರುತ್ತಿದ್ದ ಪ್ಯೂಜೊ ಡೀಸೆಲ್. ವಿಲ್ಲಿಸ್‌ನದು 2.2 ಲೀಟರಿನ, 60 ಕುದುರೆ ಶಕ್ತಿಯ ಪೆಟ್ರೋಲ್ ಇಂಜಿನ್.

"ಇನ್ಶೂರೆನ್ಸ್ ಕಥೆ ಇನ್ನೂ ಚೆನ್ನಾಗಿದೆ ಕೇಳಿ," ಅಂದೆ. 2002ರ ಮೋಟಾರ್ ಟ್ಯಾರಿಫ್ ಪುಸ್ತಕದಲ್ಲಿ ವಿಂಟೇಜ್ ಕಾರಿಗೆ, ಗಾಡಿಯ ಸ್ವಂತ ನಷ್ಟದ ಪ್ರೀಮಿಯಂನಲ್ಲಿ ಶೇ. 25 ರಿಯಾಯಿತಿ ಇತ್ತು. ಷರತ್ತು ಏನೆಂದರೆ ಗಾಡಿ 1940ರ ಡಿಸೆಂಬರ್ 31ರ ಒಳಗೆ ತಯಾರಾಗಿರಬೇಕು, ವಿಂಟೇಜ್ ಕ್ಲಬ್ಬಿನ ಸರ್ಟಿಫಿಕೇಟೂ ಬೇಕು. ವಿಲ್ಲಿಸ್ ಎಂಬಿ ಜೀಪು ಕಾರ್ಖಾನೆಯಿಂದ ಹೊರಬಿದ್ದದ್ದೇ 1941ರಲ್ಲಿ!

"ಅಂದ್ರೆ ಆರ್‌ಟಿಒಗೆ ಮುದುಕ, ಇನ್ಶೂರೆನ್ಸ್‌ನೋರಿಗೆ ಹುಡುಗ?"

"ಹೌದು. ಥರ್ಡ್ ಪಾರ್ಟಿಯಂತೂ ಕಟ್ಲೇಬೇಕು. ಗಾಡಿ ಬೆಲೆ ಐದು ವರ್ಷದ ನಂತರ ಯಾವ ಕೋಷ್ಟಕದಲ್ಲೂ ಇಲ್ಲ, ನೀವೂ ಕಂಪನಿಯೋರೂ ಮಾತಾಡಿ ಒಪ್ಕೊಂಡದ್ದೇ ಬೆಲೆ. ಫೋಟೊ, ಬಿಲ್ಲು, ಮಾಡ್ಸಿದ ಬದಲಾವಣೆ ಎಲ್ಲಾ ಮೊದಲೇ ಬರೆದುಕೊಡಿ. ಮುಚ್ಚಿಟ್ರೆ ಕ್ಲೇಮ್ ದಿನ ಅದೇ ಕುತ್ತಿಗೆಗೆ ಬರುತ್ತೆ."

ಗೌಡ್ರು ಬಾನೆಟ್ಟಿನ ಮೇಲೆ ಕೈಯಿಟ್ಟು ಯೋಚಿಸಿದರು. "ಅಲ್ಲ ಮೇಷ್ಟ್ರೇ, ಪೆಟ್ರೋಲ್ ಇಂಜಿನ್ನೇ ಇದ್ದಿದ್ರೆ ಆ ಎಸ್ಟೇಟ್‌ನೋರು ಇದನ್ನ ಸಾಕ್ತಿದ್ರಾ? ಕುಡಿಯೋ ಪೆಟ್ರೋಲಿಗೆ ಹೆದರಿ ಯಾವತ್ತೋ ತೂಕಕ್ಕೆ ಮಾರ್ತಿದ್ರು. ಡೀಸೆಲ್ ಹಾಕಿದ್ದಕ್ಕೆ ಮೆಣಸು, ಗೊಬ್ಬರ, ಆಳು ಎಲ್ಲಾ ಹೊತ್ಕೊಂಡು ಉಳೀತು. ಆ ಪುಣ್ಯಾತ್ಮನಿಂದ್ಲೇ ಇವತ್ತು ಇದಕ್ಕೆ ವಿಂಟೇಜ್ ಇಲ್ಲ ಅಂದ್ರೆ!"

ಮಾತು ನಿಜ. ಮಲೆನಾಡಿನ ಎಷ್ಟೋ ಜೀಪು ಉಳಿದದ್ದೇ ಹೀಗೆ. ಸರ್ಕಾರದ ವಿಂಟೇಜ್ ಗಾಡಿ ರ್‍ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸೋದಕ್ಕೆ ಮಾತ್ರ ರಸ್ತೆಗಿಳಿಯಬೇಕು, ದಿನದ ಓಡಾಟಕ್ಕಲ್ಲ. ಎಸ್ಟೇಟಿನವನಿಗೆ ಬೇಕಿದ್ದದ್ದು ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗೋ ಗಾಡಿ.

"ನಿಮಗೆ ಯಾವುದು ಬೇಕು ಗೌಡ್ರೇ?"

"ಓಡ್ಸೋದು! ಸಕಲೇಶಪುರದ ಕೆಸರಲ್ಲಿ ಒಂದ್ಸಲ ಇಳಿಸ್ದೆ ಇದ್ರೆ ಜೀಪ್ ಯಾಕೆ?"

"ಹಾಗಾದ್ರೆ ವಿಎ ಆಸೆ ಬಿಡಿ. ಮಾಮೂಲಿ ಮರುನೋಂದಣಿ ಮಾಡ್ಸಿ. ಆದ್ರೆ 2025ರ ಆಗಸ್ಟಲ್ಲಿ ಫೀಸು ಏರಿಸಿದ್ದಾರೆ. 20 ವರ್ಷ ದಾಟಿದ ಇಂಪೋರ್ಟೆಡ್ ನಾಲ್ಕು ಚಕ್ರಕ್ಕೆ 80,000. ಮೂಗಿಗಿಂತ ಮೂಗುತಿ ಭಾರ."

ಗೌಡ್ರು ಗೋಡೆಗೆ ಇನ್ನಷ್ಟು ಹತ್ತಿರ ಬಂದರು. "ಮೆಲ್ಲಗೆ ಹೇಳಿ ಮೇಷ್ಟ್ರೇ. ಒಳಗೆ ಇಪ್ಪತ್ತೇ ಸಾವಿರ ಅಂತ ಹೇಳಿಟ್ಟಿದ್ದೀನಿ."