ಹೆಬ್ಬಾಳದ ಹದ್ದುಗಳಿಗೆ ಒಂದು ಬಹಿರಂಗ ಪತ್ರ

ಇಂದ,
ಗಂಗಾನಗರದ ಒಬ್ಬ ನಿವಾಸಿ

ಗೆ,
ಸನ್ಮಾನ್ಯ ಹದ್ದುಗಳು
ಹೆಬ್ಬಾಳ–ಯಲಹಂಕ ವಾಯುಪ್ರದೇಶ, ಬೆಂಗಳೂರು ಉತ್ತರ

ವಿಷಯ: ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಬಂದಾಗಲೆಲ್ಲ ತಮ್ಮ ಹೆಸರಿನಲ್ಲಿ ನಮ್ಮ ಬಾಡೂಟ ನಿಲ್ಲುತ್ತಿರುವ ಬಗ್ಗೆ.

ಮಾನ್ಯರೇ,

ಈ ಅರ್ಜಿಯನ್ನು ಸರ್ಕಾರಕ್ಕೆ ಕೊಡಬಹುದಿತ್ತು. ಆದರೆ ವಿಧಾನಸೌಧದ ಟಪಾಲು ವಿಭಾಗ ದಾಟಿ ಮುಂದಕ್ಕೆ ಹೋದ ಅರ್ಜಿಯನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ವಾಯುಪಡೆಗೆ ಕೊಡೋಣವೆಂದರೆ ಗೋಡೆ ಎತ್ತರ, ಗೇಟಿನಲ್ಲಿ ಬಂದೂಕು. ಯೋಚಿಸಿ ನೋಡಿದರೆ, ಆಳುವವರೂ ಸೈನ್ಯದವರೂ ಒಟ್ಟಿಗೆ ಹೆದರುವುದು ಈ ಊರಿನಲ್ಲಿ ತಮಗೊಬ್ಬರಿಗೇ. ಆದ್ದರಿಂದ ನೇರವಾಗಿ ತಮ್ಮ ಪಾದಕ್ಕೇ, ಅಂದರೆ ಉಗುರಿಗೇ, ಬಂದಿದ್ದೇನೆ.

ತಮ್ಮ ಪ್ರತಾಪ ಸಾಮಾನ್ಯದ್ದಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಯಲಹಂಕಕ್ಕೆ ಬಂದಿದ್ದವು. ರೇಡಾರಿನ ಕಣ್ಣಿಗೇ ಮಣ್ಣೆರಚುವ ವಿಮಾನಗಳಂತೆ. ಅಂಥವುಗಳಿಗೂ, ಕೋಳಿ ಕರುಳು ಕಂಡರೆ ಕೆಳಗಿಳಿಯುವ ತಮ್ಮನ್ನು ಕಂಡರೆ ನಡುಕ. ನಡುಕ ನ್ಯಾಯವಾದದ್ದೇ. ಎಂಜಿನ್ನಿಗೆ ಹಕ್ಕಿ ಸಿಕ್ಕಿಕೊಂಡರೆ ಪೈಲಟ್ಟಿನ ಜೀವಕ್ಕೇ ಕುತ್ತು, ಕೆಳಗಿರುವ ನಮಗೂ ಕುತ್ತು. ಅದನ್ನು ನಾನು ತಮಾಷೆ ಮಾಡುವುದಿಲ್ಲ. ತಮಾಷೆ ಇರುವುದು ಅದಕ್ಕೆ ಹುಡುಕಿರುವ ಪರಿಹಾರದಲ್ಲಿ.

2023ರಲ್ಲಿ ಪಾಲಿಕೆ ಒಂದು ಆದೇಶ ಹೊರಡಿಸಿತು: ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಜನವರಿ 30ರಿಂದ ಫೆಬ್ರವರಿ 20ರವರೆಗೆ ಮಾಂಸದಂಗಡಿ, ಮಾಂಸಾಹಾರಿ ಹೋಟೆಲು ಎಲ್ಲ ಬಂದ್. ಒಟ್ಟು 22 ದಿನ. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ. ಮಾಂಸ ಕಂಡರೆ ಆಗದವರ ಕೆಲಸವಿದು ಎಂದು ಕೆಲವರು ಗೊಣಗಿದರು. ಅದೇ ವರ್ಷ ಸರ್ಕಾರ ಬದಲಾಯಿತು. 2025ರಲ್ಲಿ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಅದೇ ಆದೇಶ ಮತ್ತೆ ಬಂತು: ಜನವರಿ 23ರಿಂದ ಫೆಬ್ರವರಿ 17ರವರೆಗೆ, 26 ದಿನ. ವ್ಯಾಪ್ತಿ 13 ಕಿಲೋಮೀಟರ್. ಪ್ರದರ್ಶನ ಮಾತ್ರ ಆಗಲೂ ಐದು ದಿನ, ಈಗಲೂ ಐದು ದಿನ. ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿ ನೋಡಿದೆ. ವೃತ್ತದ ವಿಸ್ತೀರ್ಣ 314 ಚದರ ಕಿಲೋಮೀಟರಿನಿಂದ 531ಕ್ಕೆ ಏರಿದೆ. ಎರಡು ಪಕ್ಷಗಳೂ ಒಮ್ಮತಕ್ಕೆ ಬಂದ ವಿಷಯ ಈ ರಾಜ್ಯದಲ್ಲಿ ಅಪರೂಪ. ಅಂಥ ಒಂದು ಸಿಕ್ಕಿತು, ಅದು ನಮ್ಮ ತಟ್ಟೆಯಲ್ಲಿ ಸಿಕ್ಕಿತು.

ನಕ್ಷೆಯ ಮೇಲೆ ಕೈವಾರ ಇಟ್ಟರೆ, ತಮ್ಮ ನೇರ ಹಾರಾಟದ ಲೆಕ್ಕದಲ್ಲಿ, ಗಂಗಾನಗರ ವಾಯುನೆಲೆಯಿಂದ ಹನ್ನೆರಡೂವರೆ ಕಿಲೋಮೀಟರ್ ಆಸುಪಾಸಿನಲ್ಲಿದೆ. 2023ರಲ್ಲಿ ನಾವು ವೃತ್ತದ ಹೊರಗಿದ್ದೆವು, ನಮ್ಮ ಮೂಳೆಯಿಂದ ದೇಶಕ್ಕೆ ಅಪಾಯ ಇರಲಿಲ್ಲ. 2025ರ ಆದೇಶದ ಪ್ರಕಾರ ಒಳಗೆ ಬಂದೆವು. ಎರಡೇ ವರ್ಷದಲ್ಲಿ ತಮ್ಮ ಮೂಗು ಮೂರು ಕಿಲೋಮೀಟರ್ ಚುರುಕಾದದ್ದು ಹೇಗೆ? ದಯವಿಟ್ಟು ತಿಳಿಸಿ. ನಮಗೂ ಆ ವೈದ್ಯರ ವಿಳಾಸ ಬೇಕು.

ಆದೇಶಕ್ಕೆ ಆಧಾರ 1937ರ ವಿಮಾನ ನಿಯಮಗಳ 91ನೇ ನಿಯಮ. ಅದನ್ನು ಓದಿದರೆ ಇನ್ನೂ ಸ್ವಾರಸ್ಯ. ವಿಮಾನ ನೆಲೆಯ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯಬಾರದು, ಹಕ್ಕಿಗಳನ್ನು ಸೆಳೆಯುವ ಕಸ, ಕೊಳಕು ಸುರಿಯಬಾರದು ಎನ್ನುತ್ತದೆ ಅದು. ಅಂಗಡಿ, ಹೋಟೆಲಿನವರು ಹಕ್ಕಿ ಬಾರದಂತೆ ಸರಿಯಾದ ವ್ಯವಸ್ಥೆ ಮಾಡಿಕೊಂಡಿದ್ದರೆ ಅನುಮತಿ ಕೊಡಬಹುದು ಎಂದೂ ಹೇಳುತ್ತದೆ. ಅಂದರೆ ನಿಯಮದ ತಕರಾರು ಮುಖ್ಯವಾಗಿ ಗಲೀಜಿನ ಮೇಲೆ. ಗಲೀಜು ಎತ್ತಬೇಕಾದವರು ಯಾರು? ಆದೇಶ ಹೊರಡಿಸಿದವರೇ! ವರ್ಷವಿಡೀ ಎತ್ತಬೇಕಾದ್ದನ್ನು ಎತ್ತದೆ, ಎರಡು ವರ್ಷಕ್ಕೊಮ್ಮೆ ಅಂಗಡಿಯ ಬಾಗಿಲು ಎಳೆಸುವುದು ಸುಲಭ. ಪ್ರದರ್ಶನ ಮುಗಿದ ಮೇಲೆ ಅದೇ ನೆಲೆಯಿಂದ ವಿಮಾನಗಳು ಹಾರುತ್ತವೆ, ರಸ್ತೆ ಬದಿಯ ಕಸದ ರಾಶಿ ಹಾಗೇ ಇರುತ್ತದೆ, ತಾವೂ ಇರುತ್ತೀರಿ. ಆಗ ಯಾರಿಗೂ ಅಪಾಯ ಕಾಣುವುದಿಲ್ಲ.

2019ರ ನೆನಪು ತಮಗಿರಬಹುದು. ಫೆಬ್ರವರಿ 19ರಂದು ಏರೋ ಇಂಡಿಯಾ ತಾಲೀಮಿನಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ನಾಲ್ಕು ದಿನಕ್ಕೆ ಪಾರ್ಕಿಂಗ್ ಮೈದಾನಕ್ಕೆ ಬೆಂಕಿ ಬಿದ್ದು ನೋಡಲು ಬಂದವರ ಸುಮಾರು 300 ಕಾರುಗಳು ಸುಟ್ಟುಹೋದವು. ಅಲ್ಲಿ ಹೊತ್ತಿಕೊಂಡದ್ದು ಒಣಹುಲ್ಲು. ತಾವೂ ಇರಲಿಲ್ಲ, ಕುರಿಯೂ ಇರಲಿಲ್ಲ. ಹುಲ್ಲಿಗೆ ಯಾರೂ 13 ಕಿಲೋಮೀಟರಿನ ನೋಟಿಸು ಕೊಟ್ಟದ್ದು ಕಾಣೆ.

ಇನ್ನು ಬಳ್ಳಾರಿ ರಸ್ತೆಯ ನ್ಯಾಯ ಕೇಳಿ. ಮೇಲಿಂದ ನೋಡಿದರೆ ತಮಗೆ ಮೂವರೂ ಒಟ್ಟಿಗೆ ಕಾಣುತ್ತಾರೆ. ಒಂದು ಕಡೆ ಅರಮನೆ ಮೈದಾನ. ರಸ್ತೆ ಅಗಲ ಮಾಡಲು ಅದರ 15 ಎಕರೆ ಚಿಲ್ಲರೆ ಬೇಕು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಅದರ ಮಾಲೀಕರಿಗೆ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಕೊಡಿ ಎಂದಿತು, ಲೆಕ್ಕ 3,000 ಕೋಟಿ ರೂಪಾಯಿ ದಾಟಿತು, ಸರ್ಕಾರ ಬೆವರಿ ಮರುತಿಂಗಳೇ ಸುಗ್ರೀವಾಜ್ಞೆಗೆ ಸಂಪುಟ ಕರೆಯಿತು. ಇನ್ನೊಂದು ಕಡೆ ಸೈನ್ಯದ ಜಮೀನು. ರಸ್ತೆಗೆ ಒಂದು ಪಟ್ಟಿ ಜಾಗ ಬೇಕೆಂದರೂ ವರ್ಷಗಟ್ಟಲೆ ಪತ್ರ ವ್ಯವಹಾರ. 2018ರಲ್ಲಿ ರಕ್ಷಣಾ ಸಚಿವೆಯಾಗಿದ್ದ ನಿರ್ಮಲಾ ಸೀತಾರಾಮನ್ ಬೆಂಗಳೂರಿನ ಹಲವು ಕಡೆ ಜಾಗ ಬಿಡಲು ಒಪ್ಪಿದಾಗಲೂ ಷರತ್ತು ಇತ್ತು: ಅಷ್ಟೇ ಬೆಲೆಯದ್ದನ್ನು ಬದಲಿಗೆ ಕೊಡಬೇಕು. ಸರಿಯಾದ ಮಾತೇ. ಮೂರನೆಯವನು ಮಟನ್ ಅಂಗಡಿಯವನು. ಅವನಿಂದ 26 ದಿನದ ದುಡಿಮೆ ಬೇಕಾದಾಗ ಕೋರ್ಟಿಲ್ಲ, ಸಂಪುಟವಿಲ್ಲ, ಬದಲಿ ಬೆಲೆಯಿಲ್ಲ. ಒಂದು ಹಾಳೆ ಸಾಕು.

ಆ ಹಾಳೆ ಅಂಟಿದ ಮೇಲೆ ಆಗುವುದನ್ನು ಹೇಳುತ್ತೇನೆ. ಕೊಕ್ಕೆಗಳು ಖಾಲಿ ನೇತಾಡುತ್ತವೆ. ಹುಣಸೆಮರದ ದಿಮ್ಮಿ ಏಟು ಬೀಳದೆ ಒಣಗಿದರೆ ಸೀಳು ಬಿಡುತ್ತದೆಂದು ಉಪ್ಪು ಮೆತ್ತಿ ಒದ್ದೆ ಗೋಣಿ ಹೊದಿಸುತ್ತಾರೆ. ಬಾಡಿಗೆಗೆ ರಜೆಯಿಲ್ಲ, ಕರೆಂಟ್ ಬಿಲ್ಲಿಗೆ ರಜೆಯಿಲ್ಲ. ಪಕ್ಕದಲ್ಲಿ ತಲೆಕಾಲು ಸುಟ್ಟುಕೊಟ್ಟು ದಿನದ ಕೂಲಿ ಎಣಿಸುವ ಹುಡುಗನಿಗೆ ಮಾತ್ರ ರಜೆ, ಸಂಬಳವಿಲ್ಲದ ರಜೆ. ಬೀದಿ ತುದಿಯ ಮಿಲಿಟರಿ ಹೋಟೆಲಿಗೂ ಬೀಗ. ಮಿಲಿಟರಿ ಬಂತೆಂದು ಮಿಲಿಟರಿ ಹೋಟೆಲ್ ಮುಚ್ಚುವ ಊರು ಭೂಮಂಡಲದಲ್ಲಿ ಇನ್ನೊಂದಿರಲಾರದು.

ತಮ್ಮ ಕುಲಕ್ಕೆ ಎರಡೂ ಕಡೆ ಮನ್ನಣೆ ಇರುವುದೂ ನನಗೆ ಗೊತ್ತು. ವಾಯುಪಡೆಯ ಲಾಂಛನದಲ್ಲಿ ಹಿಮಾಲಯದ ಹದ್ದು ರೆಕ್ಕೆ ಬಿಚ್ಚಿದೆ. ಸರ್ಕಾರದ ಲಾಂಛನದಲ್ಲಿ ಗಂಡಭೇರುಂಡ. ಅದಕ್ಕೆ ಎರಡು ತಲೆ: ಒಂದು ದೆಹಲಿ ಕಡೆ ನೋಡಿ ಸಿಟ್ಟಾಗುತ್ತದೆ, ಇನ್ನೊಂದು ಏರೋ ಇಂಡಿಯಾ ವೇದಿಕೆ ಕಡೆ ನೋಡಿ ನಗುತ್ತದೆ. ಎರಡಕ್ಕೂ ಕೆಳಗೆ ನೋಡುವ ಅಭ್ಯಾಸವಿಲ್ಲ. ಆ ಅಭ್ಯಾಸ ಇರುವುದು ತಮಗೆ. ಆದ್ದರಿಂದ ಎರಡೇ ಬಿನ್ನಹ.

ಒಂದು, ಇನ್ನೊಂದು ಏರೋ ಇಂಡಿಯಾಕ್ಕೆ ಮೊದಲು ತಾವು ಯಲಹಂಕದ ಬದಲು ವಿಧಾನಸೌಧದ ಮೇಲೆ ಒಂದು ವಾರ ಸುತ್ತು ಹಾಕಬೇಕು. ಹದ್ದು ಬಂತೆಂದರೆ ಕಸ ಎತ್ತುವ ಬುದ್ಧಿ ಅಲ್ಲಾದರೂ ಹುಟ್ಟೀತು. ಎರಡು, ಅಂಗಡಿ ಮುಚ್ಚಲೇಬೇಕೆಂದರೆ ದಿನಕ್ಕಿಷ್ಟು ಎಂದು ಪರಿಹಾರ ಕೊಡಿಸಬೇಕು. ಕೋಟಿಗಟ್ಟಲೆ ವಿಮಾನ ಕೊಳ್ಳುವ ಮಾತುಕತೆ ನಡೆಯುವ ಜಾಗದಲ್ಲಿ ತಲೆಕಾಲು ಹುಡುಗನ 26 ದಿನದ ಕೂಲಿ ದೊಡ್ಡ ಮೊತ್ತವಲ್ಲ. ದೇಶ ಕಾಯುವ ಖರ್ಚಿನಲ್ಲಿ ನಮ್ಮ ಪಾಲು ಕೊಡಲು ನಾವು ಸಿದ್ಧ. ಪಾಲು ಎಂದರೆ ಎಲ್ಲರಿಗೂ ಬೀಳಬೇಕು.

ಇಂತಿ ತಮ್ಮ ವಿಶ್ವಾಸಿ,
ವೃತ್ತದೊಳಗಿನ ಒಬ್ಬ ಪ್ರಜೆ

ವಿ.ಸೂ.: 2025ರ ಡಿಸೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸದಾಶಿವನಗರದ ಮನೆಗೆ ತಿಂಡಿಗೆ ಹೋಗಿದ್ದು, ಇಡ್ಲಿ ಜೊತೆ ನಾಟಿಕೋಳಿ ಸಾರು ಇದ್ದದ್ದು ತಮ್ಮ ಗಮನಕ್ಕೆ ಬಂದಿರಬಹುದು. ಗಾಬರಿ ಬೇಡ. ಸದಾಶಿವನಗರ ವಾಯುನೆಲೆಯಿಂದ ಹದಿನಾಲ್ಕು ಕಿಲೋಮೀಟರ್ ಆಚೆಗಿದೆ. ಫೆಬ್ರವರಿಯಲ್ಲೇ ಆಗಿದ್ದರೂ ಆದೇಶ ಉಲ್ಲಂಘನೆ ಆಗುತ್ತಿರಲಿಲ್ಲ.